ಅರಗು ಹಚ್ಚಿದ ಗಳಿಗೆ ಬಟ್ಟಲು

"ಗುರುಗಳೇ, ನಿಜ ಗೊತ್ತಿದ್ದೂ ಅರಸನ ಮುಂದೆ ಸ್ವಲ್ಪ ಕಾಲ ಸುಮ್ಮನಿದ್ದರೆ ಅದು ತಪ್ಪೇ?"

ಕೊಟ್ರಯ್ಯ ಹೀಗೆ ಕೇಳಿದಾಗ ಗುರು ನಿರ್ವಾಣಯ್ಯನವರು ಊಟ ಮುಗಿಸಿ ಮಠದ ಕಟ್ಟೆಯ ಮೇಲೆ ಕೂತಿದ್ದರು. ಕೊಟ್ರಯ್ಯ ಅವರ ಬಳಿ ಹನ್ನೆರಡು ವರ್ಷ ಗಣಿತ ಕಲಿತವನು. ಗ್ರಹಣ ಯಾವ ದಿನ ಹಿಡಿದು ಯಾವಾಗ ಬಿಡುತ್ತದೆ ಎಂದು ಆರು ತಿಂಗಳು ಮೊದಲೇ ಲೆಕ್ಕ ಹಾಕಿ ಹೇಳಬಲ್ಲವನು. ಆಸ್ಥಾನದ ಪಂಚಾಂಗ ಬರೆಯುವ ಕೆಲಸಕ್ಕೆ ಅರಮನೆಯಿಂದ ಅವನಿಗೆ ಕರೆ ಬಂದಿತ್ತು. ಮರುದಿನ ಬೆಳಿಗ್ಗೆ ಅವನು ಹೊರಡಬೇಕಾಗಿತ್ತು.

"ಯಾವ ನಿಜ?" ಎಂದರು ಗುರು.

"ಅರಸರಿಗೆ ಪ್ರಜೆಗಳ ಮೇಲೆ ಕೋಪ ಬಂದಾಗ ಗ್ರಹಣ ಹಿಡಿಯುತ್ತದೆ ಅಂತ ಪಂಚಾಂಗದಲ್ಲಿ ಬರೆಯಬೇಕಂತೆ. ಮೊದಲ ದಿನವೇ ಆಗುವುದಿಲ್ಲ ಅಂದರೆ ಬಾಗಿಲ ಆಚೆಗೆ ತಳ್ಳುತ್ತಾರೆ. ಒಳಗೆ ಸೇರಿಕೊಂಡು, ಅರಸರ ವಿಶ್ವಾಸ ಗಳಿಸಿ, ಕಾಲ ಕೂಡಿ ಬಂದಾಗ ಹೇಳುತ್ತೇನೆ. ನಿಜ ಎಲ್ಲಿಗೆ ಓಡಿಹೋಗುತ್ತದೆ? ಇವತ್ತು ಹೇಳದಿದ್ದರೆ ನಾಳೆ ಹೇಳಿದರಾಯಿತು."

"ಓಹೋ! ಬಲು ಅನುಕೂಲದ ಮಾತು ಕಲಿತೆಯಲ್ಲಯ್ಯ. ಇದನ್ನು ನಾನು ಕಲಿಸಲಿಲ್ಲ," ಎಂದರು ನಿರ್ವಾಣಯ್ಯನವರು. ಅವರ ಮುಖ ಬಿಗಿಯಿತು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಕೊಟ್ರಯ್ಯ ಕೂತುಕೊಂಡ. ಗುರು ಹೇಳತೊಡಗಿದರು.

ಒಂದು ನಾಡಿನಲ್ಲಿ ಒಬ್ಬ ಅರಸನಿದ್ದ. ಅವನ ಮುತ್ತಜ್ಜ ದೊಡ್ಡ ಪುಣ್ಯಾತ್ಮ ಎಂದು ನಾನು ಹೇಳಲಾರೆ. ಆದರೆ ಆತ ಕೊಟ್ಟ ಮಾತಿಗೆ ಹೆದರುತ್ತಿದ್ದ. ಊರ ನಡುವೆ ಒಂದು ಕಲ್ಲು ನಿಲ್ಲಿಸಿ ಅದರ ಮೇಲೆ ತನ್ನ ಮಾತನ್ನು ಕೊರೆಸಿದ್ದ. ಅರಸನ ಕೆಲಸಕ್ಕೆ ಮನೆಗೊಂದು ಆಳು ಬಿಟ್ಟಿ ಬರಬೇಕು. ಹೊತ್ತು ಹುಟ್ಟಿದಾಗಿನಿಂದ ಹದಿನೈದು ಬಟ್ಟಲು ಮುಳುಗುವವರೆಗೆ ದುಡಿಯಬೇಕು. ಅಲ್ಲಿಗೆ ನಡುಹೊತ್ತು. ಆಮೇಲಿನ ಹೊತ್ತು ಆಳಿನದು, ಅದನ್ನು ಅರಸನೂ ಮುಟ್ಟುವಂತಿಲ್ಲ. ಇಷ್ಟೇ ಕೊರೆಸಿದ್ದು.

ಬಟ್ಟಲು ಎಂದರೆ ಗಳಿಗೆ ಬಟ್ಟಲು. ಅರಮನೆಯ ಹೆಬ್ಬಾಗಿಲ ಮೇಲೆ ಒಂದು ಚಾವಡಿ. ಅಲ್ಲಿ ನೀರು ತುಂಬಿದ ಒಂದು ಕೊಪ್ಪರಿಗೆ. ನೀರಿನ ಮೇಲೆ ತೇಲುವ ಒಂದು ತಾಮ್ರದ ಬಟ್ಟಲು. ಬಟ್ಟಲ ತಳದಲ್ಲಿ ಸೂಜಿಮೊನೆಯಷ್ಟು ತೂತು. ಆ ತೂತಿನಿಂದ ನೀರು ಒಳಗೆ ಬಂದು, ತುಂಬಿ, ಬಟ್ಟಲು ಮುಳುಗಿದರೆ ಒಂದು ಗಳಿಗೆ. ಗಳಿಗೆಯವನೊಬ್ಬ ಅದರ ಮುಂದೆ ಕೂತಿರುತ್ತಿದ್ದ. ಬಟ್ಟಲು ಮುಳುಗಿದ ಕೂಡಲೇ ಜಾಗಟೆ ಬಾರಿಸಿ, ಅದನ್ನು ಎತ್ತಿ, ಬರಿದು ಮಾಡಿ ಮತ್ತೆ ತೇಲಿಬಿಡುತ್ತಿದ್ದ. ಹದಿನೈದನೆಯ ಬಟ್ಟಲು ಮುಳುಗಿದರೆ ನಗಾರಿ ಹೊಡೆಯುತ್ತಿದ್ದ. ನಗಾರಿ ಕೇಳಿದ್ದೇ ತಡ, ಬಿಟ್ಟಿ ಆಳುಗಳು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಮನೆಗೆ ಹೊರಡುತ್ತಿದ್ದರು.

ನಮ್ಮ ಗಳಿಗೆಯವನು ಬಹಳ ನಿಯಮದ ಮನುಷ್ಯ. ಅವನ ತಂದೆಯೂ ಗಳಿಗೆಯವನೇ, ತಾತನೂ ಗಳಿಗೆಯವನೇ. ಮೂವತ್ತು ವರ್ಷದಲ್ಲಿ ಅವನು ಒಂದು ಬಟ್ಟಲನ್ನೂ ಎಣಿಕೆ ತಪ್ಪಿಸಿದವನಲ್ಲ. ಜ್ವರ ಬಂದರೆ ಕಂಬಳಿ ಹೊದ್ದು ಕೂರುತ್ತಿದ್ದ. ಹೆಂಡತಿ ತೀರಿಕೊಂಡ ದಿನ ಕೂಡ ಅಣ್ಣನ ಮಗನನ್ನು ಕೂರಿಸಿ, ಎರಡೆರಡು ಸಲ ಹೇಳಿ, ಆಮೇಲೆ ಎದ್ದು ಹೋಗಿದ್ದ. ಊರಿನ ಜನ ಬಟ್ಟಲಿಗೆ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರು. ಅವನಿಗೂ ಅರ್ಧ ಕೈಮುಗಿಯುತ್ತಿದ್ದರು ಎನ್ನು. ಅದು ಅವನಿಗೆ ಇಷ್ಟವಾಗುತ್ತಿತ್ತು. ಯಾರಿಗೆ ತಾನೇ ಇಷ್ಟವಾಗುವುದಿಲ್ಲ?

ಹೀಗಿರುವಾಗ ಅರಸನಿಗೆ ಗುಡ್ಡದ ಮೇಲೊಂದು ಕೊಳ ಬೇಕಾಯಿತು. ಗುಡ್ಡದ ಮೇಲೆ! ಕೆಳಗೆ ಹೊಳೆ ಹರಿಯುತ್ತಿತ್ತು. ಆದರೆ ಅದರಲ್ಲಿ ಎಲ್ಲರ ಎಮ್ಮೆಯೂ ಮೀಯುತ್ತದೆ. ಅರಸನ ದೋಣಿ ಎಮ್ಮೆ ಮೀಯುವ ನೀರಿನಲ್ಲಿ ತೇಲಬಾರದಂತೆ. ಊರಿನ ಬಿಟ್ಟಿ ಆಳುಗಳೆಲ್ಲ ಗುಡ್ಡ ಹತ್ತಿದರು. ಅಗೆಯುವವರು ಅಗೆದರು, ಹೊರುವವರು ಹೊತ್ತರು. ನಡುಹೊತ್ತಿಗೆ ನಗಾರಿ ಆಗುತ್ತಿತ್ತು, ಗುಡ್ಡ ಖಾಲಿಯಾಗುತ್ತಿತ್ತು.

ಅರಸ ದಿನಾ ಅರಮನೆಯ ಮಾಳಿಗೆಯಿಂದ ನೋಡಿದ. ಅವನಿಗೆ ತಡೆಯಲಾಗಲಿಲ್ಲ. "ಅರ್ಧ ದಿನ ಕೆಲಸ ಮಾಡಿದರೆ ಕೊಳ ಯಾವಾಗ ಆಗಬೇಕು? ನಾನು ಮುದುಕನಾದ ಮೇಲೆ ದೋಣಿ ಹತ್ತಬೇಕೇ?" ಎಂದು ಪಾರುಪತ್ಯಗಾರನ ಮೇಲೆ ಹರಿಹಾಯ್ದ. ಅರಮನೆಯ ಕೆಲಸಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಈ ಪಾರುಪತ್ಯಗಾರ. ಮುತ್ತಜ್ಜನ ಕಲ್ಲನ್ನು ಮುಟ್ಟಿದರೆ ಊರು ಹೊತ್ತಿ ಉರಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಲ್ಲಿನ ಮೇಲೆ ಏನು ಬರೆದಿದೆ ಎಂದು ಹೋಗಿ ಮತ್ತೊಮ್ಮೆ ಓದಿದ. ಹದಿನೈದು ಬಟ್ಟಲು ಎಂದಿತ್ತು. ಬಟ್ಟಲು ಎಷ್ಟು ಹೊತ್ತಿಗೆ ಮುಳುಗಬೇಕು ಎಂದು ಬರೆದಿರಲಿಲ್ಲ. ಪಾಪ, ಆ ಮುತ್ತಜ್ಜನಿಗೆ ತನ್ನ ವಂಶದ ಬುದ್ಧಿ ಅಷ್ಟರ ಮಟ್ಟಿಗೆ ಗೊತ್ತಿರಲಿಲ್ಲ.

ಪಾರುಪತ್ಯಗಾರ ಚಾವಡಿಗೆ ಬಂದು ಗಳಿಗೆಯವನ ಪಕ್ಕದಲ್ಲಿ ಕೂತ. ಊರಿನ ಸುದ್ದಿ ಮಾತಾಡಿದ. ಮಗಳ ಮದುವೆ ಹೇಗಾಯಿತು ಎಂದು ಕೇಳಿದ. ಎಲೆಯಡಿಕೆ ಕೊಟ್ಟ. ಆಮೇಲೆ ಬಟ್ಟಲನ್ನು ಎತ್ತಿ ನೋಡಿ, "ತೂತು ಸವೆದು ದೊಡ್ಡದಾಗಿದೆಯಲ್ಲಯ್ಯ. ಒಂಚೂರು ಅರಗು ಹಚ್ಚು," ಎಂದ.

ಗಳಿಗೆಯವನಿಗೆ ಎಲ್ಲ ತಿಳಿಯಿತು. ತೂತು ಸವೆದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅರಗು ಹಚ್ಚಿದರೆ ತೂತು ಕಿರಿದಾಗುತ್ತದೆ, ನೀರು ನಿಧಾನ ಬರುತ್ತದೆ, ಬಟ್ಟಲು ತಡವಾಗಿ ಮುಳುಗುತ್ತದೆ. ಹದಿನೈದು ಬಟ್ಟಲು ಮುಳುಗುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿರುತ್ತಾನೆ. ಕಲ್ಲಿನ ಮಾತು ಕಲ್ಲಿನ ಮೇಲೆ ಹಾಗೇ ಇರುತ್ತದೆ. "ಸ್ವಾಮಿ, ಜನರ ಹೊತ್ತು..." ಎಂದ.

"ಜನರ ಹೊತ್ತು ಜನರ ಹತ್ತಿರವೇ ಇರುತ್ತದೆ. ಈ ಮಳೆಗಾಲದವರೆಗೆ ಅಷ್ಟೇ. ಕೊಳ ಮುಗಿದ ಮೇಲೆ ಅರಗು ಕೆರೆದು ಹಾಕು. ನಿನ್ನ ಕೈ ಸೂಕ್ಷ್ಮ, ಬೇರೆಯವರಾದರೆ ಕೆಡಿಸಿಬಿಡುತ್ತಾರೆ," ಎಂದು ಪಾರುಪತ್ಯಗಾರ ಎದ್ದು ಹೋದ. ಹೋಗುವಾಗ ಒಂದು ಶಾಲು ಬಿಟ್ಟು ಹೋದ.

ಗಳಿಗೆಯವನು ಅರಗು ಹಚ್ಚಿದ. ಸುಮ್ಮನೆ ಹಚ್ಚಲಿಲ್ಲ, ಕೊಟ್ರಯ್ಯ. ನಿನ್ನ ಹಾಗೆಯೇ ಯೋಚಿಸಿ ಹಚ್ಚಿದ. ನಾನು ಆಗುವುದಿಲ್ಲ ಅಂದರೆ ಇನ್ನೊಬ್ಬನನ್ನು ಕೂರಿಸುತ್ತಾರೆ. ಅವನು ಕುಡುಕನಾದರೆ? ಎಣಿಕೆ ತಪ್ಪಿಸಿದರೆ? ನಾನಿದ್ದರೆ ಕೊನೆಗೆ ಲೆಕ್ಕವಾದರೂ ಸರಿ ಇರುತ್ತದೆ. ಕಾಲ ನೋಡಿ ಅರಸರ ಕಿವಿಗೆ ಹಾಕೋಣ. ಯುವರಾಜರು ಒಳ್ಳೆಯವರು, ಓದಿದವರು, ನಾಳೆ ಅವರ ಕಾಲ ಬಂದಾಗ ಎಲ್ಲ ಸರಿಹೋಗುತ್ತದೆ. ಹೀಗೆಲ್ಲ ಅಂದುಕೊಂಡ. ಮನುಷ್ಯ ಅಂಜಿಕೊಂಡಾಗ ಎಷ್ಟು ಚೆನ್ನಾಗಿ ಯೋಚಿಸುತ್ತಾನೆ ನೋಡು!

ಮಳೆಗಾಲ ಹೋಯಿತು. ಕೊಳ ಮುಗಿಯಲಿಲ್ಲ. ಇನ್ನೊಂಚೂರು ಅರಗು ಬಂತು. ಮತ್ತೊಂದು ಮಳೆಗಾಲ ಹೋಯಿತು. ಮೂರನೆಯ ವರ್ಷದ ಹೊತ್ತಿಗೆ, ನಿಜವಾಗಿ ಹದಿನೆಂಟು ಗಳಿಗೆ ಕಳೆದರೆ ಆ ಬಟ್ಟಲು ಹದಿನೈದು ಸಲ ಮುಳುಗುತ್ತಿತ್ತು. ಮೂರು ಗಳಿಗೆ ಅರಸನ ಹೊಟ್ಟೆಗೆ ಹೋಯಿತು. ಯಾವ ಮೂರು ಗಳಿಗೆ? ಬಿಸಿಲು ನೆತ್ತಿ ಸುಡುವ ಮೂರು ಗಳಿಗೆ.

ಜನರಿಗೆ ಕಣ್ಣಿಲ್ಲವೇ ಎನ್ನುತ್ತೀಯ. ಇತ್ತು. ಸೂರ್ಯ ತಲೆಯ ಮೇಲೆ ಬಂದು ಆಚೆಗೆ ವಾಲಿದರೂ ನಗಾರಿ ಆಗಲಿಲ್ಲವಲ್ಲ ಎಂದು ಗುಡ್ಡದ ಮೇಲೆ ಗುಸುಗುಸು ಶುರುವಾಯಿತು. ಆಗ ಅರಸ ಆಸ್ಥಾನದ ಪಂಚಾಂಗದವನನ್ನು ಕರೆಸಿದ. ಆ ಮಹಾನುಭಾವ ತಾಳೆಗರಿ ಮುಂದಿಟ್ಟುಕೊಂಡು ಬರೆದ: ಕಲಿಗಾಲ ಬಲಿತಿರುವುದರಿಂದ ಸೂರ್ಯನು ಅವಸರ ಬಿದ್ದು ಹೊತ್ತಿಗೆ ಮುಂಚೆ ನೆತ್ತಿಗೆ ಬರುತ್ತಿದ್ದಾನೆ. ಪ್ರಜೆಗಳು ಸೂರ್ಯನನ್ನು ನೋಡಿ ಮೋಸಹೋಗಬಾರದು. ಬಟ್ಟಲೇ ಪ್ರಮಾಣ. ಇದನ್ನು ಬೀದಿಬೀದಿಯಲ್ಲಿ ಡಂಗುರ ಹೊಡೆಸಿದರು.

ಇಲ್ಲಿ ಕೊಟ್ರಯ್ಯನಿಗೆ ನಗು ತಡೆಯಲಾಗಲಿಲ್ಲ. ಕಿಸಕ್ಕೆಂದ.

"ನಗುತ್ತೀಯಾ? ನಾಳೆ ನೀನು ಹೋಗಿ ಕೂರುವುದು ಅವನ ಮಣೆಯ ಮೇಲೆಯೇ," ಎಂದು ಗುರು ಗದರಿದರು. ಕೊಟ್ರಯ್ಯ ತಲೆ ತಗ್ಗಿಸಿದ. ಗುರು ಮತ್ತೆ ಮುಂದುವರಿಸಿದರು.

ಜನ ನಂಬಿದರು. ನಂಬದೆ ಏನು ಮಾಡುತ್ತಾರೆ? ಮೂರು ತಲೆಮಾರಿನಿಂದ ಕೈಮುಗಿದ ಬಟ್ಟಲು ಅದು. ತಮ್ಮ ಕಣ್ಣು ಸುಳ್ಳು ಹೇಳೀತು, ಬಟ್ಟಲು ಹೇಳುವುದಿಲ್ಲ ಎಂದುಕೊಂಡರು. ಮೇಲಾಗಿ, ಅದರ ಮುಂದೆ ಕೂತಿರುವವನು ಎಂಥವನು!

ಆ ವರ್ಷ ಚಾವಡಿಯ ಕೆಳಗೆ ಒಬ್ಬ ಕುದುರೆ ವ್ಯಾಪಾರಿ ಬಂದು ಇಳಿದುಕೊಂಡ. ಕಡಲಾಚೆಯ ಊರುಗಳನ್ನು ನೋಡಿ ಬಂದವನು. ಎರಡು ದಿನ ಜಾಗಟೆ ಕೇಳಿಸಿಕೊಂಡ. ತನ್ನ ಚಾಟಿಯ ಕೋಲನ್ನು ನೆಲಕ್ಕೆ ಊರಿ ಅದರ ನೆರಳನ್ನು ನೋಡಿದ. ಮೂರನೆಯ ದಿನ ಮೆಟ್ಟಿಲು ಹತ್ತಿ ಮೇಲೆ ಬಂದು, "ಅಯ್ಯಾ, ನಿಮ್ಮ ಬಟ್ಟಲಿಗೆ ಏನಾಗಿದೆ?" ಎಂದು ನೇರವಾಗಿ ಕೇಳಿದ.

ಗಳಿಗೆಯವನು ಮಾತು ತಿರುಗಿಸಿದ. "ನಿಮ್ಮ ಕಡೆ ಹೊತ್ತು ಯಾರ ಕೈಯಲ್ಲಿರುತ್ತದೆ?" ಎಂದು ಕೇಳಿದ.

"ಯಾರ ಕೈಯಲ್ಲೂ ಇಲ್ಲ. ಸಂತೆ ಬಯಲಲ್ಲಿ ಒಂದು ಕೋಲು ನೆಟ್ಟಿರುತ್ತಾರೆ. ಬೆಳಿಗ್ಗೆಯಿಂದ ಅದರ ನೆರಳು ಗಿಡ್ಡವಾಗುತ್ತಾ ಬರುತ್ತದೆ. ಎಲ್ಲಕ್ಕಿಂತ ಗಿಡ್ಡವಾದಾಗ ನಡುಹೊತ್ತು, ಆಮೇಲೆ ಬೆಳೆಯುತ್ತದೆ. ಮೀನು ಮಾರುವವಳೂ ನೋಡುತ್ತಾಳೆ, ಅರಸನೂ ನೋಡುತ್ತಾನೆ. ಅಲ್ಲಿಯ ಅರಸ ಏನು ಮಾಡಬಹುದು, ಏನು ಮಾಡಬಾರದು ಅಂತಲೂ ಜನರೇ ಕೂತು ಬರೆದಿಟ್ಟಿದ್ದಾರೆ. ನೀನೂ ಒಂದು ಕೋಲು ನೆಟ್ಟು ತೋರಿಸಯ್ಯ, ಅದಕ್ಕೆ ಅಪ್ಪಣೆ ಬೇಕೇ?"

"ಈಗ ಬೇಡ. ಅರಸರ ಕೊಳ ಒಂದು ಮುಗಿದುಬಿಡಲಿ," ಎಂದ ಗಳಿಗೆಯವನು. ವ್ಯಾಪಾರಿ ಮರುದಿನ ಕುದುರೆಗಳನ್ನು ಹೊಡೆದುಕೊಂಡು ಹೊರಟುಹೋದ.

ಗಳಿಗೆಯವನಿಗೆ ಒಬ್ಬಳೇ ಮಗಳು. ಹೆಸರು ಹೊನ್ನವ್ವ. ಅದೇ ಊರಿನ ಕೆಳಗೇರಿಯ ನೇಕಾರನಿಗೆ ಕೊಟ್ಟಿದ್ದ. ಆ ಮನೆಯಿಂದ ಬಿಟ್ಟಿಗೆ ಹೋಗುತ್ತಿದ್ದವಳು ಅವಳೇ. ಗಂಡ ಮಗ್ಗ ಬಿಟ್ಟು ಎದ್ದರೆ ಮನೆ ನಡೆಯುತ್ತಿರಲಿಲ್ಲ. ಅವಳಿಗೆ ಐದು ತಿಂಗಳ ಕೂಸಿತ್ತು. ಬೆಳಿಗ್ಗೆ ಹಾಲುಣಿಸಿ ಅತ್ತೆಯ ಕೈಗೆ ಕೊಟ್ಟು ಗುಡ್ಡ ಹತ್ತುತ್ತಿದ್ದಳು. ನಗಾರಿ ಆದ ಕೂಡಲೇ ಮಣ್ಣಿನ ಪುಟ್ಟಿ ಬಿಸಾಡಿ ಮನೆಗೆ ಓಡುತ್ತಿದ್ದಳು.

ಒಂದು ಸಂಜೆ ಅವಳು ಅಪ್ಪನನ್ನು ನೋಡಲು ಬಂದಳು. ಬಾಗಿಲಲ್ಲೇ ಕೂತು, "ಅಪ್ಪಾ, ಈಚೆಗೆ ನಡುಹೊತ್ತು ಬಹಳ ತಡವಾಗಿ ಬರುತ್ತಿದೆ. ನಾನು ಮನೆ ಸೇರುವುದರೊಳಗೆ ಕೂಸು ಅತ್ತು ಅತ್ತು ನೀಲಿಗಟ್ಟಿರುತ್ತದೆ. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬರುತ್ತಿದೆ. ನಿನ್ನ ಬಟ್ಟಲು ಸರಿಯಾಗಿದೆಯೇನಪ್ಪ?" ಎಂದಳು.

ಕೇಳಿದೆಯಾ ಕೊಟ್ರಯ್ಯ? ಅರಸನ ಆಳಲ್ಲ, ಪಾರುಪತ್ಯಗಾರನಲ್ಲ. ಹೆತ್ತ ಮಗಳು. ಮನೆಯಲ್ಲಿ ಇನ್ನೊಂದು ಜೀವ ಇರಲಿಲ್ಲ. ಆಗಲಾದರೂ ಹೇಳಬಹುದಾಗಿತ್ತು. ಇಲ್ಲವ್ವ, ನಾಳೆಯಿಂದ ಸೂರ್ಯ ನೆತ್ತಿಗೆ ಬಂದಾಗ ಪುಟ್ಟಿ ಇಳಿಸಿ ಬಂದುಬಿಡು ಎಂದಿದ್ದರೆ ಸಾಕಾಗಿತ್ತು. ಅವನ ನಾಲಿಗೆಯ ತುದಿಗೆ ಬಂತು. ಆದರೆ ಅವಳಿಗೆ ಹೇಳಿದರೆ ಅವಳು ಪಕ್ಕದವಳಿಗೆ ಹೇಳುತ್ತಾಳೆ, ಪಕ್ಕದವಳು ಊರಿಗೆ ಹೇಳುತ್ತಾಳೆ. ಹೊತ್ತಲ್ಲದ ಹೊತ್ತಿನಲ್ಲಿ ಎಲ್ಲ ಬಯಲಾಗುತ್ತದೆ. ಹೀಗೆಂದು ನುಂಗಿಕೊಂಡ. "ನನ್ನ ಬಟ್ಟಲು ಎಂದಾದರೂ ತಪ್ಪಿದೆಯೇನು ತಾಯಿ? ಬಿಸಿಲಿಗೆ ಹಾಗನ್ನಿಸುತ್ತದೆ. ತಲೆಗೊಂದು ಒದ್ದೆ ಬಟ್ಟೆ ಸುತ್ತಿಕೋ," ಎಂದ.

ಅವಳು ನಂಬಿದಳು. ಅಪ್ಪನ ಮಾತು ನಂಬದೆ ಯಾರ ಮಾತು ನಂಬಬೇಕು? ಮರುದಿನ ಗುಡ್ಡದ ಮೇಲೆ ಹೆಂಗಸರು ಗೊಣಗುಟ್ಟಿದಾಗ ಅವರನ್ನು ಸುಮ್ಮನಾಗಿಸಿದವಳು ಅವಳೇ. "ನಮ್ಮಪ್ಪ ಬಟ್ಟಲ ಮುಂದೆ ಕೂತಿರುವಾಗ ಹೊತ್ತು ಹೇಗೆ ತಪ್ಪುತ್ತದೆ? ನಡೆಯಿರೇ, ಇನ್ನೊಂದು ಪುಟ್ಟಿ ಹೊರೋಣ," ಎಂದಳಂತೆ. ನಾಲ್ಕು ಮಂದಿ ಪುಟ್ಟಿ ಇಳಿಸಿದ್ದವರು ಅವಳ ಮುಖ ನೋಡಿ ಮತ್ತೆ ಎತ್ತಿಕೊಂಡರಂತೆ.

ಬೇಸಿಗೆ ಏರಿತು. ಬಂಡೆ ಕಾದು ಕಾಲಿಡಲಾಗುತ್ತಿರಲಿಲ್ಲ. ಒಂದು ದಿನ ಹೊನ್ನವ್ವ ಪುಟ್ಟಿ ತಲೆಯ ಮೇಲಿರುವಂತೆಯೇ ಕುಸಿದಳು. ಯಾರೋ ನೀರು ತಂದರು. ಗುಟುಕು ಇಳಿಯಲಿಲ್ಲ. ಅವಳ ರವಿಕೆ ಹಾಲಿನಲ್ಲಿ ನೆನೆದಿತ್ತು. ಮೇಸ್ತ್ರಿ ಬಂದು ನೋಡಿ, ನಗಾರಿ ಆಗುವವರೆಗೆ ಯಾರೂ ಜಾಗ ಬಿಡಕೂಡದು ಎಂದ. ನಗಾರಿ ಆದ ಮೇಲೆ ಹೊತ್ತುಕೊಂಡು ಇಳಿದರು. ಅಷ್ಟರಲ್ಲಿ ಹೆಣವಾಗಿದ್ದಳು.

ಥೂ! ಹೇಳುವಾಗಲೇ ನನ್ನ ಹೊಟ್ಟೆ ಉರಿಯುತ್ತದೆ. ದೋಣಿ ತೇಲಿಸಲು ಒಂದು ಕೊಳ! ಅದಕ್ಕೊಂದು ಬಾಣಂತಿ!

ಅಳಿಯ ಓಡಿಬಂದು ಚಾವಡಿಯ ಕೆಳಗೆ ನಿಂತು ಕೂಗಿ ಹೇಳಿದ. ಗಳಿಗೆಯವನು ಎದ್ದು ಬಂದ. ಅವನು ಮೊದಲು ಕೇಳಿದ್ದು ಏನು ಗೊತ್ತೇ? "ಆಗ ಎಷ್ಟು ಹೊತ್ತಾಗಿತ್ತು?" ಎಂದು. ಮೂವತ್ತು ವರ್ಷದ ಅಭ್ಯಾಸ ಅದು. ಅಳಿಯ, "ನಿಮ್ಮ ಜಾಗಟೆ ಹದಿಮೂರು ಹೊಡೆದಿತ್ತಂತೆ ಮಾವ. ಹದಿನಾಲ್ಕು ಇನ್ನೂ ಹೊಡೆದಿರಲಿಲ್ಲವಂತೆ," ಎಂದ.

ಗಳಿಗೆಯವನು ನಿಂತಲ್ಲೇ ಲೆಕ್ಕ ಹಾಕಿದ. ಬೇಡವೆಂದರೂ ಲೆಕ್ಕ ತಾನೇ ಹಾಕಿಕೊಂಡಿತು. ಈ ಬಟ್ಟಲಿನ ಹನ್ನೆರಡೂವರೆಗೇ ನಿಜವಾದ ನಡುಹೊತ್ತು. ಆಗಲೇ ನಗಾರಿ ಹೊಡೆದಿದ್ದರೆ ಹೊನ್ನವ್ವ ಗುಡ್ಡ ಇಳಿದು, ಮನೆ ಸೇರಿ, ಕೂಸಿಗೆ ಎದೆ ಕೊಟ್ಟು ನೆರಳಲ್ಲಿ ಕೂತಿರುತ್ತಿದ್ದಳು. ಅವನು ಹೆಬ್ಬಾಗಿಲ ಮೆಟ್ಟಿಲ ಮೇಲೆ ಕೂತ. ಬಾಯಿಬಾಯಿ ಬಡಿದುಕೊಂಡು ಅತ್ತ.

ಮಣ್ಣು ಮಾಡಿದ ಮರುದಿನ ಅವನು ಬಟ್ಟಲನ್ನು ಬಗಲಲ್ಲಿ ಇಟ್ಟುಕೊಂಡು ಸಂತೆ ಬಯಲಿಗೆ ಬಂದ. ಜನ ಸೇರಿದ್ದರು. ಬಟ್ಟಲನ್ನು ಬೋರಲು ಹಾಕಿ ತೋರಿಸಿದ. ಚಾಕುವಿನಿಂದ ಅರಗನ್ನು ಕೆರೆದ. ಮೂರು ಪದರ ಇತ್ತು, ಮೂರನ್ನೂ ಕೆರೆದು ಅಂಗೈಯಲ್ಲಿ ಹಿಡಿದು ಎಲ್ಲರ ಮುಂದೆ ನಡೆದ. ಪಾರುಪತ್ಯಗಾರ ಹೇಳಿದ್ದು, ತಾನು ಹಚ್ಚಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಅಳಿಯ ಕೂಸನ್ನು ಎತ್ತಿಕೊಂಡು ಎದುರಿಗೇ ಕೂತಿದ್ದ. "ನಿಮಗೆ ಯಾವಾಗಿನಿಂದ ಗೊತ್ತಿತ್ತು ಮಾವ?" ಎಂದು ಕೇಳಿದ. "ಮೂರು ವರ್ಷದಿಂದ," ಎಂದ ಗಳಿಗೆಯವನು. ಅಳಿಯ ಎದ್ದು ಮನೆಗೆ ಹೋದ. ಮತ್ತೆಂದೂ ಅವನ ಜೊತೆ ಮಾತಾಡಲಿಲ್ಲ.

ಆ ದಿನವೇ ಗಳಿಗೆಯವನು ಹೇಳಿಕೊಟ್ಟ ಹಾಗೆ ಬಯಲಿನಲ್ಲಿ ಒಂದು ಕೋಲು ನೆಟ್ಟರು. ಊರಿಗೆ ಊರೇ ಸುತ್ತ ನಿಂತು ನೋಡಿತು. ನೆರಳು ಗಿಡ್ಡವಾಗುತ್ತಾ ಬಂತು, ನಿಂತಂತಾಯಿತು, ಮತ್ತೆ ಬೆಳೆಯಿತು. ಅರಮನೆಯಲ್ಲಿ ಬೇರೊಬ್ಬನನ್ನು ಕೂರಿಸಿ, ಬೇರೊಂದು ಬಟ್ಟಲಿಗೆ ಅರಗು ಹಚ್ಚಿಸಿದ್ದರು. ನೆರಳು ಎರಡು ಗೇಣು ಬೆಳೆದ ಮೇಲೆ ಅಲ್ಲಿಂದ ನಗಾರಿ ಕೇಳಿಸಿತು. ಇಷ್ಟು ವರ್ಷ ತಮ್ಮ ಕಣ್ಣನ್ನು ತಾವೇ ಸುಳ್ಳು ಮಾಡಿಕೊಂಡಿದ್ದಕ್ಕೆ ಜನರಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಬರಲೇಬೇಕಾಗಿದ್ದ ಸಿಟ್ಟು.

ಅರಸ ಗಳಿಗೆಯವನನ್ನು ಸಭೆಗೆ ಎಳೆಸಿದ. "ನನ್ನ ನಾಡಿನಲ್ಲಿ ನಡುಹೊತ್ತು ಯಾವಾಗ ಎಂದು ಒಂದು ಕೋಲು ಹೇಳಬೇಕೇ?" ಎಂದು ಗುಡುಗಿದ.

"ಪ್ರಭು, ಕೋಲಿಗೆ ಶಾಲು ಹೊದಿಸಲು ಬರುವುದಿಲ್ಲ," ಎಂದ ಗಳಿಗೆಯವನು.

ಅವನನ್ನು ಸೆರೆಗೆ ಹಾಕಿದರು. ಬಯಲಿನ ಕೋಲನ್ನು ಕೀಳಿಸಿದರು. ಮರುದಿನ ಬೆಳಗಾಗುವುದರೊಳಗೆ ಪ್ರತಿ ಮನೆಯ ಮುಂದೆ ಒಂದು ಕೋಲು ನಿಂತಿತ್ತು. ಒನಕೆ ನಿಲ್ಲಿಸಿದವರು ಒನಕೆ ನಿಲ್ಲಿಸಿದರು, ಗುದ್ದಲಿ ಕಾವು ನೆಟ್ಟವರು ಕಾವು ನೆಟ್ಟರು. ಆಳುಗಳು ಬಂದು ಕಿತ್ತರು. ಕಿತ್ತು ಬೀದಿಯ ಆ ತುದಿಗೆ ಹೋಗುವುದರೊಳಗೆ ಈ ತುದಿಯಲ್ಲಿ ಮತ್ತೆ ನೆಟ್ಟಿರುತ್ತಿದ್ದರು. ಆ ಆಳುಗಳ ಮನೆಯಿಂದಲೂ ಬಿಟ್ಟಿಗೆ ಹೋಗುವವರಿದ್ದರಲ್ಲ, ಮೂರು ದಿನದಲ್ಲಿ ಅವರಿಗೂ ಕೈ ಸೋತಿತು. ಗುಡ್ಡದ ಮೇಲೂ ಒಂದು ಕೋಲು ನಿಂತಿತು. ಅದರ ನೆರಳು ಗಿಡ್ಡವಾದ ಕೂಡಲೇ ಸಾವಿರ ಪುಟ್ಟಿ ಒಟ್ಟಿಗೆ ನೆಲಕ್ಕೆ ಬಿತ್ತು. ಮೇಸ್ತ್ರಿ ಕೂಗಿದ, ಚಾಟಿ ಬೀಸಿದ. ಒಬ್ಬರೂ ತಿರುಗಿ ನೋಡಲಿಲ್ಲ.

ಅರಸನಿಗೆ ಮೊದಲ ಸಲ ಭಯವಾಯಿತು. ಸಾವಿರ ಜನರನ್ನು ಹಿಡಿದು ಹಾಕುವಷ್ಟು ದೊಡ್ಡ ಸೆರೆಮನೆ ಅವನಿಗಿರಲಿಲ್ಲ. ಪಾರುಪತ್ಯಗಾರನ ಮೇಲೆ ತಪ್ಪು ಹೊರಿಸಿ ಅವನನ್ನು ಓಡಿಸಿದ. ಜನ ಅಷ್ಟಕ್ಕೆ ಬಿಡಲಿಲ್ಲ. ಕೇರಿಗಿಬ್ಬರಂತೆ ಆರಿಸಿ ಕಳಿಸಿದರು. ಅವರು ಅರಸನ ಎದುರು ಕೂತರು. ನಿಂತಲ್ಲ, ಕೂತು ಮಾತಾಡಿದರು. ಹೊಸ ಕಲ್ಲು ಬರೆಸಿದರು. ಹೊತ್ತು ಬಯಲಿನ ಕೋಲಿನದು. ಅರಸನಾಗಲಿ ಅರಸನ ಮಕ್ಕಳಾಗಲಿ ಅದನ್ನು ಮುಟ್ಟುವಂತಿಲ್ಲ. ಊರಿಗೆ ಬೇಡದ ಕೆಲಸಕ್ಕೆ ಬಿಟ್ಟಿ ಇಲ್ಲ. ಮುಂದೆ ಅರಸ ಏನು ಕಟ್ಟಿಸಬೇಕಾದರೂ ಕೇರಿಯವರನ್ನು ಕೇಳಬೇಕು. ಅರಸ ಹಲ್ಲು ಕಚ್ಚಿಕೊಂಡು ಮುದ್ರೆ ಒತ್ತಿದ. ಗುಡ್ಡದ ಮೇಲಿನ ಹಳ್ಳ ಹಾಗೇ ಉಳಿಯಿತು. ಪಂಚಾಂಗದವನು ಸೂರ್ಯ ಮತ್ತೆ ನಿಧಾನವಾಗಿದ್ದಾನೆ ಎಂದು ಬರೆದ.

ಗಳಿಗೆಯವನನ್ನು ಸೆರೆಯಿಂದ ಬಿಡಿಸಿ ತಂದರು. ಅವನು ಬಾಯಿ ಬಿಡದಿದ್ದರೆ ಇದೆಲ್ಲ ಎಲ್ಲಿ ಆಗುತ್ತಿತ್ತು ಎಂದು ಹೂವಿನ ಹಾರ ಹಾಕಿದರು. ಬಯಲಿನ ಕೋಲಿನ ಪಕ್ಕದಲ್ಲಿ ಅವನಿಗೊಂದು ಕಟ್ಟೆ ಕಟ್ಟಿಕೊಟ್ಟರು.

ನಿರ್ವಾಣಯ್ಯನವರು ಅಲ್ಲಿಗೆ ನಿಲ್ಲಿಸಿದರು.

ಕೊಟ್ರಯ್ಯನಿಗೆ ಮೈ ನವಿರೆದ್ದಿತ್ತು. ಅವನು ಹನ್ನೆರಡು ವರ್ಷ ಬರೀ ಗಣಿತ ಓದಿದ್ದ. ನೆಲಕ್ಕೆ ನೆಟ್ಟ ಒಂದು ಕೋಲು ಅರಸನ ಮುದ್ರೆಯನ್ನು ಬಗ್ಗಿಸಬಲ್ಲದು ಎಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ತನ್ನ ಯೋಚನೆಯೂ ಅಂಥ ತಪ್ಪೇನಲ್ಲ ಎಂದು ಅವನಿಗೆ ಸಮಾಧಾನವಾಯಿತು. ಆ ಮನುಷ್ಯ ಮೂರು ವರ್ಷ ಸುಮ್ಮನಿದ್ದ, ನಿಜ. ಆದರೂ ಕೊನೆಗೆ ಹೇಳಿದನಲ್ಲ! ಹೇಳಿದ್ದು ಫಲ ಕೊಟ್ಟಿತಲ್ಲ!

"ಆಹಾ, ಎಂಥ ಕತೆ ಗುರುಗಳೇ!" ಎಂದ. "ತಡವಾದರೆ ಏನಾಯಿತು, ಕಡೆಗೆ ನಿಜವೇ ಗೆದ್ದಿತಲ್ಲ!"

ನಿರ್ವಾಣಯ್ಯನವರು ಎದ್ದು ನಿಂತರು.

"ಗೆದ್ದಿತಪ್ಪ, ಹೋಗಿ ಹೊನ್ನವ್ವನಿಗೆ ಹೇಳಿ ಬಾ."